ಒಬ್ಬರ ಬಿಡಾರಕ್ಕೆ ಎಷ್ಟು ಸರಂಜಾಮು?

ನಾಲ್ವರು ಕೂಡಿ ಬೆಟ್ಟ ಹತ್ತುವಾಗ ಡೇರೆಯ ಬಟ್ಟೆ ಒಬ್ಬರ ಚೀಲ ಸೇರಿದರೆ ಅದರ ಕಂಬಗಳು ಇನ್ನೊಬ್ಬರ ಚೀಲಕ್ಕೆ ಹೋಗುತ್ತವೆ, ಒಲೆ-ಪಾತ್ರೆಗಳನ್ನು ಮೂರನೆಯವರು ಹೊತ್ತರೆ ಅಕ್ಕಿ-ಬೇಳೆ-ಉಪ್ಪಿನಕಾಯಿಯ ಹೊಣೆ ನಾಲ್ಕನೆಯವರದಾಗುತ್ತದೆ. ಭಾರದಂತೆ ಖರ್ಚೂ ನಾಲ್ಕು ಪಾಲಾಗುತ್ತದೆ. ಒಬ್ಬರೇ ಹೊರಟಾಗ ಈ ಎರಡು ಅನುಕೂಲಗಳೂ ಒಟ್ಟಿಗೇ ಕೈತಪ್ಪುತ್ತವೆ. ಒಬ್ಬರ ಡೇರೆ ಇಬ್ಬರ ಡೇರೆಯ ಅರ್ಧದಷ್ಟು ತೂಗುವುದಿಲ್ಲ, ಅರ್ಧ ಬೆಲೆಗೂ ಸಿಗುವುದಿಲ್ಲ. ಒಲೆ, ಟಾರ್ಚು, ಔಷಧಿಯ ಪೊಟ್ಟಣ, ಹಗ್ಗ, ಚಾಕು ಇವುಗಳಲ್ಲಿ ಯಾವುದೂ ಜನರ ಸಂಖ್ಯೆಗೆ ತಕ್ಕಂತೆ ಕುಗ್ಗುವ ವಸ್ತುವಲ್ಲ. ಹಗುರವಾದದ್ದನ್ನು ಕೊಳ್ಳಹೊರಟರೆ ಹಣ ಸಾಲದು, ಅಗ್ಗವಾದದ್ದನ್ನು ಕೊಂಡರೆ ಬೆನ್ನು ತಾಳದು ಎಂಬ ಈ ಇಕ್ಕಟ್ಟೇ ಒಂಟಿ ಚಾರಣಿಗರ ಸರಂಜಾಮಿನ ಮೂಲ ಸಮಸ್ಯೆ.

ಪೇಟೆಯಲ್ಲೂ ಪ್ರವಾಸಿ ಬರಹಗಳಲ್ಲೂ ಸಿದ್ಧವಾಗಿ ಸಿಗುವ ಸಾಮಾನು ಪಟ್ಟಿಗಳು ಬಹುಮಟ್ಟಿಗೆ ಹಿಮಾಲಯವನ್ನೋ, ಅಮೆರಿಕ ಮತ್ತು ಯುರೋಪಿನ ಪರ್ವತಗಳನ್ನೋ ಎದುರಿಗಿಟ್ಟುಕೊಂಡು ತಯಾರಾದವು. ಅಲ್ಲಿ ರಾತ್ರಿಯ ಚಳಿ ಪ್ರಾಣಕ್ಕೇ ಎರವಾಗಬಲ್ಲದು. ಆದ್ದರಿಂದ ಬಾತುಕೋಳಿಯ ಎದೆಯ ತುಪ್ಪುಳ ತುಂಬಿದ ಸ್ಲೀಪಿಂಗ್ ಬ್ಯಾಗಿಗೂ, ಗಾಳಿ ತುಂಬುವ ಹಾಸಿಗೆಗೂ, ಹಿಮದ ಬಿರುಗಾಳಿಗೆ ಬಾಗದ ಡೇರೆಗೂ ದುಬಾರಿ ಬೆಲೆ ತೆರುವುದಕ್ಕೆ ಅರ್ಥವಿದೆ. ಕರ್ನಾಟಕದ ಬೆಟ್ಟಗಳಲ್ಲಿ ಚಳಿ ಎರಡನೆಯ ಸಾಲಿನ ಎದುರಾಳಿ ಮಾತ್ರ. ಮೊದಲ ಸಾಲಿನಲ್ಲಿ ನಿಲ್ಲುವವು ಮಳೆ, ಇಬ್ಬನಿ, ಗಾಳಿ ಮತ್ತು ನೆಲದಲ್ಲಿ ಹರಿದಾಡುವ ಸಣ್ಣ ಜೀವಿಗಳು. ಇಷ್ಟನ್ನು ಒಪ್ಪಿಕೊಂಡ ಕೂಡಲೇ ಪಟ್ಟಿಯ ಅತಿ ದುಬಾರಿ ಸಾಲುಗಳು ತಾವಾಗಿಯೇ ಅಳಿಸಿಹೋಗುತ್ತವೆ, ಜೊತೆಗೆ ಆ ಪಟ್ಟಿಗಳಲ್ಲಿ ಇಲ್ಲದ ಕೆಲವು ಅಗ್ಗದ ವಸ್ತುಗಳು ಹೊಸದಾಗಿ ಸೇರಿಕೊಳ್ಳುತ್ತವೆ.

ಲೆಕ್ಕ ಸರಳವಾದದ್ದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದು 1884ರ ಜನವರಿ 13ರಂದು. ಎತ್ತರ ಸಾವಿರ ಮೀಟರ್ ಏರಿದಂತೆ ಗಾಳಿಯ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದು ಹವಾಮಾನ ಶಾಸ್ತ್ರದ ಸಾಮಾನ್ಯ ಸೂತ್ರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಅಂದರೆ ಬೆಂಗಳೂರಿನಲ್ಲಿ ಹದಿನೈದು ಡಿಗ್ರಿ ಇರುವ ಜನವರಿಯ ಇರುಳಿನಲ್ಲಿ ಆ ಶಿಖರದ ಮೇಲೆ ಎಂಟು-ಒಂಬತ್ತು ಡಿಗ್ರಿ ಇರಬಹುದು. ತಡಿಯಂಡಮೋಳ್ (1,748 ಮೀಟರ್), ಕುಮಾರ ಪರ್ವತ (1,712 ಮೀಟರ್), ಕೊಡಚಾದ್ರಿ (1,343 ಮೀಟರ್) ಇವೆಲ್ಲ ಅದಕ್ಕಿಂತ ತಗ್ಗಿನವು. ಇನ್ನೊಂದು ಬದಿಯಲ್ಲಿ, ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹಣ ಎಲ್ಲಿಗೆ ಹೋಗಬೇಕು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಮಲಗುವ ವ್ಯವಸ್ಥೆ

ಸ್ಲೀಪಿಂಗ್ ಬ್ಯಾಗ್ ಕೊಳ್ಳುವವರನ್ನು ದಾರಿ ತಪ್ಪಿಸುವುದು ಅದರ ಮೇಲೆ ಮುದ್ರಿತವಾಗಿರುವ ಉಷ್ಣಾಂಶದ ಅಂಕಿ. ಮೊದಲು ಯುರೋಪಿನ ಮಾನದಂಡವಾಗಿದ್ದು ಈಗ ಅಂತಾರಾಷ್ಟ್ರೀಯ ಮಾನದಂಡವಾಗಿರುವ ಪರೀಕ್ಷಾ ವಿಧಾನದಲ್ಲಿ ಮೂರು ಮುಖ್ಯ ಅಂಕಿಗಳಿವೆ: ಸರಾಸರಿ ಮೈಕಟ್ಟಿನ ಮಹಿಳೆ ಕೈಕಾಲು ಸಡಿಲಬಿಟ್ಟು ಹಾಯಾಗಿ ನಿದ್ರಿಸಬಲ್ಲ ಉಷ್ಣಾಂಶ ‘ಕಂಫರ್ಟ್’, ಸರಾಸರಿ ಮೈಕಟ್ಟಿನ ಪುರುಷ ಮುದುಡಿ ಮಲಗಿ ಹೇಗೋ ರಾತ್ರಿ ಕಳೆಯಬಲ್ಲ ಉಷ್ಣಾಂಶ ‘ಲಿಮಿಟ್’, ನಿದ್ರೆಯ ಮಾತಿರಲಿ, ಜೀವ ಉಳಿದರೆ ಸಾಕು ಎಂಬ ಸ್ಥಿತಿಯದು ‘ಎಕ್ಸ್‌ಟ್ರೀಮ್’. ಅಗ್ಗದ ಚೀಲಗಳ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವುದು ಬಹುತೇಕ ಮೂರನೆಯದು, ಕೊಳ್ಳುವವರು ನೋಡಬೇಕಾದದ್ದು ಮೊದಲನೆಯದು. ಕರ್ನಾಟಕದ ಬೆಟ್ಟಗಳಿಗೆ ಕಂಫರ್ಟ್ ಅಂಕಿ ಹತ್ತರಿಂದ ಹದಿನೈದು ಡಿಗ್ರಿ ಇರುವ, ಒಳಗೆ ಪಾಲಿಯೆಸ್ಟರ್ ನಾರು ತುಂಬಿದ ಸಾದಾ ಚೀಲ ಸಾಕು. ಚಳಿ ಹೆಚ್ಚಾದರೆ ಹೇಗೂ ಹೊತ್ತುಕೊಂಡ ಸ್ವೆಟರು, ಕಾಲುಚೀಲ, ಟೊಪ್ಪಿಗೆಗಳನ್ನು ಧರಿಸಿಯೇ ಅದರೊಳಗೆ ಮಲಗಬಹುದು. ತುಪ್ಪುಳದ ಚೀಲ ಹಗುರ, ಬೆಚ್ಚಗೆ, ಮುಷ್ಟಿಯಷ್ಟಕ್ಕೆ ಮಡಿಚುವಂಥದ್ದು ಎಂಬುದೆಲ್ಲ ನಿಜವೇ ಆದರೂ ಒದ್ದೆಯಾದ ತುಪ್ಪುಳ ಗಂಟುಗಟ್ಟಿ ಬಿಸಿ ಹಿಡಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಒಣಗಿಸಲು ಬಿಸಿಲೇ ಇಲ್ಲದ ಮಲೆನಾಡಿನ ಮಂಜಿನಲ್ಲಿ ಅದು ಹತ್ತು ಪಟ್ಟು ಬೆಲೆ ತೆತ್ತು ತಂದುಕೊಂಡ ಚಿಂತೆ.

ಚಳಿ ಮೇಲಿನಿಂದ ಬರುತ್ತದೆ ಎಂಬ ನಂಬಿಕೆ ಸಾರ್ವತ್ರಿಕವಾಗಿದ್ದರೂ ಮಲಗಿದವರ ಬಿಸಿಯನ್ನು ಹೆಚ್ಚು ಕಸಿಯುವುದು ನೆಲ. ಚೀಲ ಎಷ್ಟೇ ದಪ್ಪವಾಗಿದ್ದರೂ ಮೈಭಾರಕ್ಕೆ ಅದರ ಅಡಿಭಾಗ ಚಪ್ಪಟೆಯಾಗುತ್ತದೆ, ಅಲ್ಲಿ ಸಿಕ್ಕಿದ್ದ ಗಾಳಿ ಹೊರಹೋಗುತ್ತದೆ, ಹಾಗಾಗಿ ಬೆನ್ನಿನ ಕೆಳಗೆ ಬೇರೊಂದು ತಡೆ ಬೇಕೇಬೇಕು. ಚಾಪೆಯೊಂದು ಬಿಸಿಯ ಹರಿವನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ‘ಆರ್ ಮೌಲ್ಯ’ ಎಂಬ ಅಂಕಿಯಿಂದ ಹೇಳುತ್ತಾರೆ; ಹಿಮದ ಮೇಲೆ ಮಲಗುವವರಿಗೆ ನಾಲ್ಕು-ಐದು ಬೇಕಾದರೆ ಇಲ್ಲಿನ ನೆಲಕ್ಕೆ ಒಂದೂವರೆ-ಎರಡು ಧಾರಾಳವಾಯಿತು. ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವುದರಿಂದ ನೀರು ಹೀರದ ಫೋಮಿನ ಸಾದಾ ಚಾಪೆ ಇಷ್ಟನ್ನು ಸಾವಿರ ರೂಪಾಯಿಯ ಒಳಗೇ ಕೊಡುತ್ತದೆ. ಅದರ ತೂಕ ಅರ್ಧ ಕಿಲೋ ದಾಟುವುದು ಅಪರೂಪ. ಲಂಟಾನದ ಮುಳ್ಳಿಗೋ ಬಿದಿರಿನ ಚೂರಿಗೋ ಅದು ಠುಸ್ಸೆನ್ನುವ ಭಯವೂ ಇಲ್ಲ. ನಡುವೆ ಕುಳಿತುಕೊಳ್ಳಲು ಮಣೆಯಾಗಿ, ಚೀಲದ ಬೆನ್ನಿಗೆ ಗಟ್ಟಿಯಾಗಿ, ಕಾಲು ಉಳುಕಿದರೆ ಸುತ್ತಿ ಕಟ್ಟುವ ದಬ್ಬೆಯಾಗಿ ಅದು ಇನ್ನೂ ಮೂರು ಕೆಲಸ ಮಾಡುತ್ತದೆ.

ಇಲ್ಲಿ ಕಂಬಳಿಯ ಮಾತು ಬಾರದೆ ಇರದು. ದಖ್ಖನಿ ಕುರಿಯ ಒರಟು ಉಣ್ಣೆಯಿಂದ ಚಳ್ಳಕೆರೆಯ ಸುತ್ತಮುತ್ತ ನೇಯುವ ಕರಿಕಂಬಳಿ ಶತಮಾನಗಳ ಕಾಲ ಕುರಿಗಾಹಿಗಳಿಗೆ ಹಾಸಿಗೆಯೂ ಹೊದಿಕೆಯೂ ಡೇರೆಯೂ ಆಗಿತ್ತು. ಒದ್ದೆಯಾದ ಮೇಲೂ ಉಣ್ಣೆ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ ಎಂಬುದು ಹತ್ತಿಗೆ ಇಲ್ಲದ ದೊಡ್ಡ ಗುಣ. ಬಸ್ಸಿನಿಂದ ಇಳಿದು ಅರ್ಧ ಗಂಟೆ ನಡೆದು ತೋಟವೊಂದರಲ್ಲಿ ಬೀಡುಬಿಡುವವರಿಗೆ ಮನೆಯಲ್ಲಿರುವ ಕಂಬಳಿಯನ್ನು ಬಿಟ್ಟು ಹೊಸ ಚೀಲ ಕೊಳ್ಳಲು ಕಾರಣವೇ ಇಲ್ಲ. ಹದಿನೈದು ಕಿಲೋಮೀಟರ್ ಏರುದಾರಿಯಲ್ಲಿ ಮಾತ್ರ ಅದರ ಭಾರ, ಅದರಲ್ಲೂ ನೆನೆದ ಕಂಬಳಿಯ ಭಾರ, ಯಾವ ಅಭಿಮಾನದಿಂದಲೂ ಇಳಿಯುವಂಥದ್ದಲ್ಲ.

ತಲೆಯ ಮೇಲಿನ ಸೂರು

ಡೇರೆಯ ವಿಷಯದಲ್ಲಿ ಎರಡು ತಾಂತ್ರಿಕ ಪದಗಳು ತಿಳಿದಿದ್ದರೆ ಅಂಗಡಿಯವರ ಮಾತಿಗೆ ಮರುಳಾಗುವ ಸಂಭವ ಕಡಿಮೆ. ಒಂದು, ‘ಡೆನಿಯರ್’: ಒಂಬತ್ತು ಸಾವಿರ ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ, ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ, ಬಟ್ಟೆ ಭಾರ ಮತ್ತು ಗಟ್ಟಿ. ಇನ್ನೊಂದು ‘ನೀರಿನ ಕಂಬ’: ಬಟ್ಟೆಯ ತುಂಡಿನ ಮೇಲೆ ನೀರಿನ ಕಂಬವನ್ನು ಏರಿಸುತ್ತ ಹೋಗಿ, ಯಾವ ಎತ್ತರದಲ್ಲಿ ಹನಿಗಳು ಇನ್ನೊಂದು ಬದಿಗೆ ಒಸರುತ್ತವೆಯೋ ಆ ಎತ್ತರವನ್ನು ಮಿಲಿಮೀಟರಿನಲ್ಲಿ ಹೇಳುವ ಕ್ರಮ. ಸಾಧಾರಣ ಮಳೆಗೆ 1,500 ಮಿಲಿಮೀಟರ್ ಸಾಕು, ಮಲೆನಾಡಿಗೆ 2,000ಕ್ಕೆ ಕಡಿಮೆಯಾದರೆ ತಲೆನೋವು. ಮೊಣಕಾಲೂರಿ ಕುಳಿತಾಗ ನೆಲದ ಬಟ್ಟೆಯ ಮೇಲೆ ಒತ್ತಡ ಹೆಚ್ಚುವುದರಿಂದ ಅಲ್ಲಿ ಇನ್ನೂ ಹೆಚ್ಚು ಬೇಕು. ನೀರಿನ ಕಂಬದ ಅಂಕಿಯನ್ನೇ ಮುದ್ರಿಸದ, ಮೇಲಿನ ಹೊದಿಕೆ ಟೊಪ್ಪಿಗೆಯಂತೆ ನೆತ್ತಿಯನ್ನಷ್ಟೇ ಮುಚ್ಚುವ ಡೇರೆಗಳು ಎಷ್ಟೇ ಅಗ್ಗವಾದರೂ ಮಹಡಿಯ ಮೇಲೆ ಮಕ್ಕಳು ಆಡಲು ಲಾಯಕ್ಕು. ಹೊದಿಕೆ ನೆಲದವರೆಗೂ ಇಳಿಯಬೇಕು, ಒಳಡೇರೆಗೂ ಅದಕ್ಕೂ ನಡುವೆ ಗೇಣಗಲ ಜಾಗವಿರಬೇಕು. ಇಲ್ಲವಾದರೆ ಮಲಗಿದವರ ಉಸಿರಿನ ಆವಿಯೇ ಬಟ್ಟೆಯ ಒಳಮೈಯಲ್ಲಿ ಹನಿಗಟ್ಟಿ ಬೆಳಗಿನ ಜಾವಕ್ಕೆ ಮುಖದ ಮೇಲೆ ತೊಟ್ಟಿಕ್ಕುತ್ತದೆ.

ನಲವತ್ತು ಸಾವಿರ ದಾಟುವ ವಿದೇಶಿ ಡೇರೆಗಳು ಹತ್ತು-ಇಪ್ಪತ್ತು ಡೆನಿಯರಿನ ತೆಳು ನೈಲಾನಿನವು. ನೈಲಾನ್ ನೀರು ಹೀರಿ ಹಿಗ್ಗುತ್ತದೆ, ಆದ್ದರಿಂದ ರಾತ್ರಿಯಿಡೀ ಮಳೆಯಾದರೆ ಬಿಗಿದು ಕಟ್ಟಿದ ಹೊದಿಕೆ ಜೋಲುಬಿದ್ದು ಎದ್ದು ಮತ್ತೆ ಬಿಗಿಯಬೇಕಾಗುತ್ತದೆ. ಮೂರು-ಐದು ಸಾವಿರದ ಡೇರೆಗಳಲ್ಲಿ ಬಳಸುವ ಪಾಲಿಯೆಸ್ಟರಿಗೆ ಆ ದೋಷ ಅತ್ಯಲ್ಪ, ಬಿಸಿಲನ್ನೂ ಅದು ನೈಲಾನಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ತೂಕವೊಂದನ್ನು ಬಿಟ್ಟರೆ ಈ ನೆಲದ ಮಳೆ-ಬಿಸಿಲಿಗೆ ಅಗ್ಗದ ಬಟ್ಟೆಯೇ ಹೆಚ್ಚು ಒಗ್ಗುತ್ತದೆ. ಫ್ರಾನ್ಸಿನ ಡೆಕಾಥ್ಲಾನ್ ಸಂಸ್ಥೆ 2009ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಈ ಬೆಲೆಯ ಡೇರೆಗಳು ನಗರಗಳಲ್ಲಿ ಸುಲಭವಾಗಿ ಸಿಗತೊಡಗಿದವು. ಎರಡೂವರೆ-ಮೂರು ಕಿಲೋ ತೂಗುವ ಇಂಥ ಇಬ್ಬರ ಡೇರೆಯಲ್ಲಿ ಒಬ್ಬರು ತಮ್ಮ ಚೀಲವನ್ನೂ ಒಳಗಿಟ್ಟುಕೊಂಡು ಮಲಗಬಹುದು. ಅದರ ಜೊತೆ ಬರುವ ತಂತಿಗೂಟಗಳು ಘಟ್ಟದ ಮುರಕಲ್ಲಿನ ನೆಲದಲ್ಲಿ ಮೊದಲ ಏಟಿಗೇ ಬಾಗುತ್ತವೆ. ಹಾರ್ಡ್‌ವೇರ್ ಅಂಗಡಿಯ ಆರಿಂಚಿನ ಮೊಳೆಗಳು ಅವುಗಳಿಗಿಂತ ಅಗ್ಗ ಮತ್ತು ನಂಬಿಗಸ್ತ.

ಇನ್ನೂ ಉಳಿತಾಯ ಬಯಸುವವರಿಗೆ ಹಳೆಯ ಡೇರೆಗಳ ಪೇಟೆಯಿದೆ. ಉತ್ಸಾಹದಲ್ಲಿ ಕೊಂಡು ಒಂದೆರಡು ಬಾರಿ ಬಳಸಿ ಅಟ್ಟಕ್ಕೆಸೆದ ಸರಂಜಾಮು ನಗರದ ಮನೆಗಳಲ್ಲಿ ಬೇಕಾದಷ್ಟಿದ್ದು, ಅರ್ಧ ಬೆಲೆಗೂ ಕೆಳಗೆ ಮಾರಾಟಕ್ಕೆ ಬರುತ್ತದೆ. ಆದರೆ ಹಳೆಯ ಡೇರೆಯನ್ನು ಕಣ್ಣಿನಿಂದಲ್ಲ, ಮೂಗು ಮತ್ತು ಬೆರಳಿನಿಂದ ಪರೀಕ್ಷಿಸಬೇಕು. ಬಟ್ಟೆಯ ಒಳಮೈಗೆ ನೀರು ತಡೆಯಲೆಂದು ಬಳಿದಿರುವ ಪಾಲಿಯುರೆಥೇನ್ ಲೇಪ ತೇವಾಂಶದೊಂದಿಗೆ ನಿಧಾನವಾಗಿ ವರ್ತಿಸಿ ಒಡೆಯುತ್ತದೆ. ಒಣಗಿಸದೆ ಮಡಿಚಿಟ್ಟ ಡೇರೆಯಲ್ಲಿ ಈ ಕ್ರಿಯೆ ಕೆಲವೇ ವರ್ಷಗಳಲ್ಲಿ ಮುಗಿದಿರುತ್ತದೆ. ಆದ್ದರಿಂದ ಮೊದಲು ಚೀಲದ ಬಾಯಿ ಬಿಚ್ಚಿ ಮೂಸಬೇಕು, ಹುಳಿ ಮೊಸರಿನಂಥ ಕಮಟು ವಾಸನೆ ಬಂದರೆ ಅಲ್ಲಿಗೇ ಕೈಬಿಡಬಹುದು. ಬಳಿಕ ನೆತ್ತಿಯ ಭಾಗದ ಬಟ್ಟೆಯನ್ನು ಎರಡು ಬೆರಳುಗಳ ನಡುವೆ ಒತ್ತಿ ಬಿಡಬೇಕು. ಅಂಟಂಟಾಗಿ ಹತ್ತಿಕೊಂಡರೆ, ಉಗುರಿನಿಂದ ಕೆರೆದಾಗ ಬಿಳಿಯ ಹೊಟ್ಟು ಏಳುವಂತಿದ್ದರೆ ಲೇಪ ಹೋಗಿದೆ ಎಂದು ಅರ್ಥ, ಅದನ್ನು ಮತ್ತೆ ಬಳಿಯುವ ಖರ್ಚಿಗೆ ಹೊಸದೇ ಬರುತ್ತದೆ. ಹೊಲಿಗೆಗಳ ಮೇಲಿನ ಪಾರದರ್ಶಕ ಪಟ್ಟಿ ಅಲ್ಲಲ್ಲಿ ಎದ್ದಿದ್ದರೆ ಮಾತ್ರ ಗಾಬರಿ ಬೇಡ, ಸೀಮ್ ಸೀಲರ್ ಎಂಬ ಅಂಟಿನಿಂದ ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದು. ಜಿಪ್ಪು ಕಚ್ಚದೆ ಹಿಂದೆಯೇ ಬಿಚ್ಚಿಕೊಳ್ಳುತ್ತಿದ್ದರೆ ದೋಷ ಹಲ್ಲುಗಳದ್ದಲ್ಲ, ಸವೆದು ಅಗಲವಾದ ಓಟದ ಗುಂಡಿಯದು. ಅದರ ಎರಡೂ ಬದಿಯನ್ನು ಇಕ್ಕಳದಿಂದ ಹಗುರವಾಗಿ ಅದುಮಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಚೌಕಾಸಿಗೂ ಅದು ಒಳ್ಳೆಯ ನೆಪ. ಕೊನೆಯಲ್ಲಿ ಫೈಬರ್ ಕಂಬಗಳ ಮೇಲೆ ಬಟ್ಟೆಯ ತುಂಡು ಎಳೆದು ಸೀಳು ಹುಡುಕಬೇಕು. ಸೀಳಿದ್ದಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ.

ಡೇರೆಯನ್ನೇ ಬಿಟ್ಟು ಬರಿಯ ಟಾರ್ಪಾಲಿನಡಿ ಮಲಗುವ ಪದ್ಧತಿಗೆ ಹಗುರ ಚಾರಣದ ಪ್ರತಿಪಾದಕರಲ್ಲಿ ದೊಡ್ಡ ಗೌರವವಿದೆ. ಲೆಕ್ಕವೂ ಆಕರ್ಷಕವೇ: ಚದರ ಮೀಟರಿಗೆ 90 ಗ್ರಾಂ ತೂಗುವ, ಕಣದಲ್ಲಿ ಭತ್ತ ಮುಚ್ಚಲು ಬಳಸುವಂಥ ತೆಳು ಟಾರ್ಪಾಲು ಮೂರು ಮೀಟರ್ ಉದ್ದಗಲಕ್ಕೆ 810 ಗ್ರಾಂ ಮಾತ್ರ, ಬೆಲೆ ಕೆಲವು ನೂರು ರೂಪಾಯಿ. ಆದರೆ ಪಶ್ಚಿಮಘಟ್ಟದ ತರಗೆಲೆಯ ಮೇಲೆ ನಾಲ್ಕೂ ಬದಿ ತೆರೆದು ಮಲಗುವುದಕ್ಕೆ ಬೇರೊಂದು ಆಕ್ಷೇಪವಿದೆ. ಮಂಗನ ಕಾಯಿಲೆ ಎಂದು ಹೆಸರಾದ ಕ್ಯಾಸನೂರು ಕಾಡಿನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಮೊದಲು ಗುರುತಿಸಲಾಯಿತು; ಉಣುಗು ಕಚ್ಚುವುದರಿಂದ ಹರಡುವ ಈ ವೈರಾಣು ರೋಗ ತೀವ್ರವಾಗುವುದು ಸುಮಾರು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಮಳೆ ನಿಂತು ಚಾರಣಕ್ಕೆ ಹಿತವಾದ ತಿಂಗಳುಗಳಲ್ಲೇ. ಉಣುಗುಗಳು ಕಾಯ್ದು ಕೂರುವ ಜಾಗ ತರಗೆಲೆ ಮತ್ತು ಕುರುಚಲು. ಹಾಗಾಗಿ ನೆಲಕ್ಕೆ ಸೇರಿಸಿ ಹೊಲಿದ ಒಳಪರದೆ ಇಲ್ಲಿ ಐಷಾರಾಮವಲ್ಲ. ಟಾರ್ಪಾಲನ್ನೇ ನೆಚ್ಚುವವರು ಒಬ್ಬರ ಸೊಳ್ಳೆಪರದೆಯ ಕೆಳ ಅಂಚಿಗೆ ಗಟ್ಟಿ ಪ್ಲಾಸ್ಟಿಕ್ ನೆಲಹಾಸನ್ನು ಊರಿನ ದರ್ಜಿಯ ಕೈಯಲ್ಲಿ ಹೊಲಿಸಿಕೊಂಡು, ಅದನ್ನು ಟಾರ್ಪಾಲಿನ ನಡುಹಗ್ಗಕ್ಕೆ ತೂಗುಹಾಕಬಹುದು; ಡೇರೆಯ ಕಾಲು ಭಾಗದಷ್ಟು ಖರ್ಚಿನಲ್ಲಿ ಡೇರೆಯ ಮುಖ್ಯ ಪ್ರಯೋಜನಗಳು ಸಿಗುತ್ತವೆ. ಕೈಕಾಲಿಗೆ ಹಚ್ಚಿಕೊಳ್ಳಲು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ರೂಪಿಸಿದ ಡೆಪಾ ತೈಲವಿದೆ. ಆರೋಗ್ಯ ಇಲಾಖೆ ಅದನ್ನು ಮಲೆನಾಡಿನ ಹಳ್ಳಿಗಳಲ್ಲಿ ಹಂಚುತ್ತ ಬಂದಿದೆ.

ದರ್ಜಿಯ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಆಧುನಿಕ ಹಗುರ ಬಿಡಾರದ ಆದ್ಯರಲ್ಲಿ ಒಬ್ಬರೆಂದು ಗಣಿಸಲಾಗುವ ಇಂಗ್ಲೆಂಡಿನ ಥಾಮಸ್ ಹಿರಾಮ್ ಹೋಲ್ಡಿಂಗ್ ವೃತ್ತಿಯಿಂದ ದರ್ಜಿ. ಸೈಕಲ್ಲಿನ ಮೇಲೆ ಒಯ್ಯಬಲ್ಲ ಡೇರೆಗಳನ್ನು ತಾವೇ ಕತ್ತರಿಸಿ ಹೊಲಿದು, 1901ರಲ್ಲಿ ಸೈಕಲ್ ಬಿಡಾರಿಗರ ಸಂಘ ಕಟ್ಟಿ, 1908ರಲ್ಲಿ ಈ ವಿದ್ಯೆಯ ಕೈಪಿಡಿಯನ್ನೇ ಪ್ರಕಟಿಸಿದವರು. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ತಮ್ಮ 67ನೆಯ ವಯಸ್ಸಿನಲ್ಲಿ ಸುಮಾರು 3,300 ಕಿಲೋಮೀಟರ್ ಉದ್ದದ ಅಪಲೇಷಿಯನ್ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದಾಗ ಅವರ ಹೆಗಲಿನಲ್ಲಿದ್ದದ್ದು ಮನೆಯಲ್ಲೇ ಹೊಲಿದ ಜೀನ್ಸ್ ಬಟ್ಟೆಯ ಒಂದು ಚೀಲ. ಅದರಲ್ಲಿ ಒಂದು ಸೇನಾ ಕಂಬಳಿ, ಒಂದು ಮಳೆಯಂಗಿ ಮತ್ತು ಸೂರಿಗಾಗಿ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ ಇದ್ದವು. ಕಾಲಿಗೆ ಕ್ಯಾನ್ವಾಸ್ ಬೂಟು. ಆ ಇಡೀ ದಾರಿಯನ್ನು ಒಂದೇ ಋತುವಿನಲ್ಲಿ ಏಕಾಂಗಿಯಾಗಿ ಕ್ರಮಿಸಿದ ಮೊದಲ ಮಹಿಳೆ ಅವರು.

ಮೈಮೇಲಿನದು, ಹೊಟ್ಟೆಗೆ ಬೇಕಾದದ್ದು

ಮಳೆಯಂಗಿಯಲ್ಲಿ ಹಣ ಪೋಲಾಗುವಷ್ಟು ಬೇರೆಲ್ಲೂ ಪೋಲಾಗುವುದಿಲ್ಲ. ಮಳೆಯ ಹನಿಯನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುವ ಪೊರೆಯುಳ್ಳ ಜಾಕೆಟ್ಟುಗಳು ಹತ್ತಾರು ಸಾವಿರ ಬೆಲೆಬಾಳುತ್ತವೆ. ಆದರೆ ಆವಿ ಹೊರಹೋಗುವುದು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡಗಳ ವ್ಯತ್ಯಾಸದಿಂದ. ಹೊರಗಿನ ಗಾಳಿ ಬೆಚ್ಚಗಿದ್ದು ತೇವದಿಂದ ತುಂಬಿ ತುಳುಕುವ ಜುಲೈ ತಿಂಗಳ ಘಟ್ಟದಲ್ಲಿ ಆ ವ್ಯತ್ಯಾಸ ತೀರ ಕಡಿಮೆಯಾಗಿ, ದುಬಾರಿ ಪೊರೆಯೂ ಬಹುಪಾಲು ಸಾದಾ ಪ್ಲಾಸ್ಟಿಕ್ಕಿನಂತೆಯೇ ವರ್ತಿಸುತ್ತದೆ, ತೊಟ್ಟವರು ಮಳೆಗೆ ನೆನೆಯದಿದ್ದರೂ ಬೆವರಿಗೆ ನೆನೆಯುತ್ತಾರೆ. ಗದ್ದೆಯಲ್ಲಿ ನಾಟಿ ಮಾಡುವವರು ಹಿಂದೆ ಕಂಬಳಿಕೊಪ್ಪೆ ಮತ್ತು ಎಲೆಯ ಗೊರಬು ಹೊದೆಯುತ್ತಿದ್ದುದು, ಈಗ ಪ್ಲಾಸ್ಟಿಕ್ ಕೊಪ್ಪೆ ಹೊದೆಯುವುದು ಈ ಕಾರಣಕ್ಕೇ: ಕೊಪ್ಪೆ ತಲೆ-ಬೆನ್ನುಗಳನ್ನು ಮುಚ್ಚಿ ಮುಂಭಾಗವನ್ನು ಗಾಳಿಗೆ ಬಿಡುತ್ತದೆ. ಬೆನ್ನುಚೀಲದ ಮೇಲೂ ಇಳಿಯುವ, ಬದಿಗಳು ತೆರೆದ ಪಾಂಚೋ ಎಂಬ ಮಳೆಹೊದಿಕೆ ಅದೇ ತತ್ತ್ವದ್ದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಾಳಿಯಿಲ್ಲದ ಕಾಡುದಾರಿಯಲ್ಲಿ ಛತ್ರಿ ಅದಕ್ಕಿಂತಲೂ ಮೇಲು. ಚೀಲದ ಹೊರಗೆ ಹಾಕುವ ಕವಚವನ್ನು ನಂಬುವುದಕ್ಕಿಂತ ಒಳಗೇ ದಪ್ಪ ಪ್ಲಾಸ್ಟಿಕ್ಕಿನ ದೊಡ್ಡ ಚೀಲವೊಂದನ್ನಿಟ್ಟು ಹಾಸಿಗೆ-ಬಟ್ಟೆಗಳನ್ನು ಅದರೊಳಗೆ ಕಟ್ಟುವುದು ಲೇಸು.

ಜೀನ್ಸ್ ಪ್ಯಾಂಟು ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಮನೆಯಲ್ಲಿರುವ ಆಟದ ಪಾಲಿಯೆಸ್ಟರ್ ಟೀಶರ್ಟು-ಪ್ಯಾಂಟುಗಳೇ ಸಾಕು. ಅರಣ್ಯ ಕಾವಲುಗಾರರು ತೊಡುವಂಥ ಕ್ಯಾನ್ವಾಸ್ ಜಂಗಲ್ ಬೂಟು ನೀರು ತಡೆಯುವುದಿಲ್ಲ ನಿಜ, ಆದರೆ ಹೊಕ್ಕ ನೀರನ್ನು ಹೊರಬಿಟ್ಟು ಬೇಗ ಒಣಗುತ್ತದೆ. ಮಳೆಗಾಲದ ಉಂಬಳಗಳಿಗೆ ಒತ್ತಾಗಿ ನೇಯ್ದ ಬಟ್ಟೆಯ ಮೊಣಕಾಲುದ್ದದ ಚೀಲ ಹೊಲಿಸಿಕೊಂಡು, ಅದರ ಮೇಲೆ ಸುಣ್ಣವನ್ನೋ ನಶ್ಯವನ್ನೋ ಸವರುವ ಮಲೆನಾಡಿನ ರೂಢಿಯನ್ನು ಮೀರಿದ ಉಪಾಯ ಯಾವ ಅಂಗಡಿಯಲ್ಲೂ ಇಲ್ಲ.

ಒಲೆಯ ವಿಷಯದಲ್ಲಿ ಕೊಳ್ಳದಿರುವುದೇ ಹೆಚ್ಚು ವಿವೇಕದ್ದೆನ್ನಲು ಬೆಲೆಯೊಂದೇ ಕಾರಣವಲ್ಲ. ಚಾರಣದ ಪುಟ್ಟ ಗ್ಯಾಸ್ ಡಬ್ಬಿಯನ್ನಾಗಲಿ ಸ್ಪಿರಿಟ್ಟನ್ನಾಗಲಿ ರೈಲಿನಲ್ಲಿ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಬಲ್ಲ ಅಪರಾಧ. ಕಾಡಿನಲ್ಲಿ ಬೆಂಕಿ ಹೊತ್ತಿಸುವುದು ನಿಷಿದ್ಧ, ಡೇರೆಯೊಳಗೆ ಒಲೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಅನಿಲ ಸದ್ದಿಲ್ಲದೆ ಕೊಲ್ಲುತ್ತದೆ. ಎರಡು ರಾತ್ರಿಯ ಪಯಣಕ್ಕೆ ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ನೆನೆಸಿದರೆ ಸಾಕೆನ್ನುವ ಅವಲಕ್ಕಿ, ಬೆಲ್ಲ ಬೆರೆಸಿದ ಹುರಿಹಿಟ್ಟು ಇವುಗಳಿಗಿಂತ ಹಗುರವೂ ಕೆಡದಂಥದ್ದೂ ಆದ ಬುತ್ತಿಯನ್ನು ಯಾವ ಕಂಪನಿಯೂ ಪೊಟ್ಟಣದಲ್ಲಿ ತುಂಬಿಲ್ಲ. ಬೆಚ್ಚನೆಯ ಚಹಾ ಇಲ್ಲದ ಬೆಳಗು ಹಲವರಿಗೆ ಸಹಿಸಲಾಗದ್ದೆಂಬುದು ಬೇರೆ ಮಾತು. ನೀರಿಗೆ ಕ್ಲೋರಿನ್ ಮಾತ್ರೆ, ಮತ್ತು ಖಾಲಿಯಾದ ಲೀಟರಿನ ಎರಡು ಪ್ಲಾಸ್ಟಿಕ್ ಬಾಟಲಿಗಳು ಸಾಕು. ಅಲಂಕಾರದ ಉಕ್ಕಿನ ಬಾಟಲಿ ಅವುಗಳ ಹತ್ತು ಪಟ್ಟು ತೂಗುತ್ತದೆ.

ಬೆನ್ನುಚೀಲವನ್ನು ಎಲ್ಲರೂ ಮೊದಲು ಕೊಳ್ಳುತ್ತಾರೆ, ಕೊಳ್ಳಬೇಕಾದದ್ದು ಕೊನೆಗೆ. ಉಳಿದೆಲ್ಲ ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ ಮೇಲಷ್ಟೇ ಬೇಕಾದ ಗಾತ್ರ ಗೊತ್ತಾಗುತ್ತದೆ. ಎಪ್ಪತ್ತು ಲೀಟರಿನ ಚೀಲ ಮೊದಲೇ ಮನೆಗೆ ಬಂದರೆ ಎಪ್ಪತ್ತು ಲೀಟರಿನಷ್ಟು ಸಾಮಾನು ಎಲ್ಲಿಂದಲೋ ಬಂದು ಅದನ್ನು ತುಂಬುತ್ತದೆ. ಹೊತ್ತ ಭಾರ ಮೈತೂಕದ ಐದನೆಯ ಒಂದು ಭಾಗ ಮೀರಬಾರದೆಂಬುದು ಚಾರಣಿಗರ ರೂಢಿಯ ಲೆಕ್ಕ. ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವ ದಪ್ಪ ಸೊಂಟಪಟ್ಟಿಯಿರುವ, ನಲವತ್ತೈದು-ಐವತ್ತು ಲೀಟರಿನ ಚೀಲ ಈ ಮಿತಿಗೆ ಸರಿಹೊಂದುತ್ತದೆ.

ಒಂಟಿತನದ ವಿಶೇಷ ಖರ್ಚು

ಉಳಿತಾಯದ ಕತ್ತರಿ ತಾಗಬಾರದ ಕೆಲವು ವಸ್ತುಗಳಿವೆ, ಅದೃಷ್ಟಕ್ಕೆ ಅವು ದುಬಾರಿಯವಲ್ಲ. ಹಣೆಗೆ ಕಟ್ಟುವ ಟಾರ್ಚು ಎರಡು ಕೈಗಳನ್ನೂ ಬಿಡುವಾಗಿಡುವುದರಿಂದ ಒಬ್ಬರೇ ಕತ್ತಲಲ್ಲಿ ಡೇರೆ ಕಟ್ಟುವಾಗ ಅದಕ್ಕೆ ಬದಲಿಯಿಲ್ಲ. ಮೊಬೈಲಿನ ಬೆಳಕನ್ನು ನೆಚ್ಚುವುದೆಂದರೆ ಸಂಪರ್ಕಕ್ಕೆ ಮೀಸಲಾದ ಬ್ಯಾಟರಿಯನ್ನು ದೀಪಕ್ಕೆ ಸುಡುವುದು. ಕೊರಳಲ್ಲಿ ಒಂದು ಸೀಟಿ ಇರಬೇಕು: ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಪರ್ವತಪ್ರದೇಶಗಳಲ್ಲಿ ಅಪಾಯದ ಸಂಕೇತ, ಕೂಗುವ ದನಿ ಬತ್ತಿದ ಮೇಲೂ ಅದು ಕೇಳಿಸುತ್ತದೆ. ವಿದೇಶಿ ಪಟ್ಟಿಗಳು ಒಂಟಿ ಪಯಣಿಗರಿಗೆ ಕಡ್ಡಾಯವೆನ್ನುವ ಉಪಗ್ರಹ ಸಂದೇಶಯಂತ್ರವನ್ನು ಮಾತ್ರ ಇಲ್ಲಿ ಕೊಳ್ಳಬಾರದು. ಗಾರ್ಮಿನ್ ಇನ್‌ರೀಚ್‌ನಂಥ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ, ತಿಳಿಯದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾದದ್ದೂ ಉಂಟು. ಅದರ ಕೆಲಸವನ್ನು ತಕ್ಕಮಟ್ಟಿಗೆ ಮಾಡುವುದು ಒಂದು ಹಾಳೆ ಕಾಗದ: ಯಾವ ದಾರಿ, ಎಲ್ಲಿ ತಂಗುವುದು, ಎಷ್ಟು ಹೊತ್ತಿಗೆ ಮರಳಿ ಕರೆ ಬಾರದಿದ್ದರೆ 112ಕ್ಕೆ ತಿಳಿಸಬೇಕು ಎಂಬುದನ್ನು ಬರೆದು ಮನೆಯವರ ಕೈಯಲ್ಲೂ ಬೆಟ್ಟದ ಬುಡದ ಅಂಗಡಿಯವರ ಕೈಯಲ್ಲೂ ಕೊಟ್ಟು ಹೊರಡುವುದು. ಸಿನಿಮಾದಿಂದ ಸ್ಫೂರ್ತಿ ಪಡೆದ ಮೊಳದುದ್ದದ ಚಾಕುವಿನ ಬಗ್ಗೆ ಹೇಳುವುದಿಷ್ಟೇ, ಅದರಿಂದ ಈರುಳ್ಳಿ ಹೆಚ್ಚುವುದೂ ಕಷ್ಟ.

ಇದೆಲ್ಲ ಕೊಂಡ ಮೇಲೆ ಡೇರೆಯನ್ನು ಎಲ್ಲಿ ಹೂಡುವುದು ಎಂಬ ಪ್ರಶ್ನೆ ಎದುರಾಗುತ್ತದೆ, ಅದನ್ನು ಕೊಳ್ಳುವ ಮುನ್ನವೇ ಕೇಳಿಕೊಳ್ಳುವುದು ಒಳಿತು. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಮಂದಿ ಒಮ್ಮೆಲೇ ನೆರೆದ ಬಳಿಕ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿದ ಸರ್ಕಾರ, ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಬುಕಿಂಗ್ ವ್ಯವಸ್ಥೆಯನ್ನು ಜಾರಿಗೆ ತಂದಿತು. ಮೀಸಲು ಅರಣ್ಯ ಮತ್ತು ವನ್ಯಧಾಮಗಳಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವುದು ಕಾನೂನುಬಾಹಿರ. ಕಾಫಿ ತೋಟ, ಹೋಂಸ್ಟೇ ಅಂಗಳ, ಇಲಾಖೆಯೇ ನಡೆಸುವ ಶಿಬಿರತಾಣ ಇವೇ ಉಳಿದ ಜಾಗಗಳು. ಹೀಗಾಗಿ ಉದ್ಯೋಗಸ್ಥ ಚಾರಣಿಗರೊಬ್ಬರ ಡೇರೆ ವರ್ಷಕ್ಕೆ ಬೆರಳೆಣಿಕೆಯ ರಾತ್ರಿಗಳಷ್ಟೇ ಹೊರಗಿದ್ದು, ಮಿಕ್ಕ ದಿನವೆಲ್ಲ ಅಟ್ಟದ ತೇವದಲ್ಲಿ ಲೇಪ ಕಳೆದುಕೊಳ್ಳುತ್ತ ಕೂರುತ್ತದೆ.

ಆದ್ದರಿಂದಲೇ, ಒಂಟಿಯಾಗಿ ಹೋಗುವವರ ಸರಂಜಾಮು ಒಂಟಿಯಾಗಿರಬೇಕಾದ ಅಗತ್ಯವಿಲ್ಲ. ಮೈಗೆ ತಾಗುವ ಬೂಟು, ಬಟ್ಟೆ, ಹಣೆಯ ಟಾರ್ಚು ಸ್ವಂತದ್ದಿರಲಿ. ಡೇರೆ, ಚಾಪೆ, ದೊಡ್ಡ ಚೀಲ, ಹಿಮಾಲಯಕ್ಕೆ ಹೊರಟಾಗ ಮಾತ್ರ ಬೇಕಾಗುವ ದಪ್ಪ ಸ್ಲೀಪಿಂಗ್ ಬ್ಯಾಗ್ ಇವು ಬಾಡಿಗೆಗೋ ಕಡಕ್ಕೋ ಸಿಗುವಂತಾದರೆ ವಿದ್ಯಾರ್ಥಿಯೊಬ್ಬರ ಮೊದಲ ಖರ್ಚು ಎರಡು ಸಾವಿರದ ಒಳಗೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಕೊಡುವ ಖಾಸಗಿಯವರು ಇದ್ದಾರೆ, ಜಿಲ್ಲೆಗಳಲ್ಲಿ ಅವರು ಅಪರೂಪ. ಸಾಹಸ ಚಟುವಟಿಕೆಗಳಿಗೆಂದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯನ್ನು ಹೊಂದಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಜಿಲ್ಲೆಗೊಂದು ಕಚೇರಿಯಿದೆ. ಗ್ರಂಥಾಲಯಗಳು ಪುಸ್ತಕ ಕೊಡುವ ಕ್ರಮದಲ್ಲೇ ಠೇವಣಿ ಪಡೆದು, ಹಿಂದಿರುಗಿಸುವ ದಿನಾಂಕ ಬರೆದು, ಒದ್ದೆಯಾಗಿ ತಂದವರಿಗೆ ದಂಡ ಹಾಕಿ ಇಪ್ಪತ್ತು-ಮೂವತ್ತು ಡೇರೆಗಳನ್ನು ಎರವಲು ಕೊಡುವುದಕ್ಕೆ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ. ಮುಂದಿನ ಚಾರಣ ಋತುವಿಗೆ ಮುನ್ನ ಚಿಕ್ಕಮಗಳೂರು, ಶಿವಮೊಗ್ಗ ಮತ್ತು ಕೊಡಗು ಜಿಲ್ಲೆಗಳಲ್ಲಾದರೂ ಇಲಾಖೆ ಇದನ್ನು ಆರಂಭಿಸಬೇಕು.